ಪಕ್ಷಿಪಂಡಿತ ಡಾ. ಸಾಲಿಂ ಅಲಿ

ಮುಂಬಯಿಯ ಖೇತವಾಡಿಯಲ್ಲಿ ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕನೊಬ್ಬನು ಗಾಳಿಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದುರುಳಿಸಿದನು. ಅದರ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಮನೆಯಲ್ಲಿ ಯಾರಿಗೂ ಅದರ ಜಾತಿ ತಿಳಿಯದಿರಲು, ಬಾಲಕನು ಅದನ್ನೆತ್ತಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದನು. ಅಲ್ಲಿಯ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಆಂಗ್ಲರು ಹಕ್ಕಿಯ ಹೆಸರನ್ನು ಹೇಳಿದುದಲ್ಲದೆ, ಅಲ್ಲಿ ಸಂಗ್ರಹಿಸಿಟ್ಟಿದ್ದ ಬಗೆಬಗೆಯ ಹಕ್ಕಿಗಳನ್ನೂ ತೋರಿಸಿದರು. ಆ ಬಾಲಕನೇ ಮುಂದೆ ಡಾ. ಸಾಲಿಂ ಅಲಿ ಎಂದು ಲೋಕವಿಖ್ಯಾತನಾದನು. ಜನನ 1896ರ ನವೆಂಬರ್ 12. ಮೂರು ವರ್ಷ ತುಂಬುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡಿದ್ದರು.

ಕಾಲೇಜು ಓದು ಅವರಿಗೆ ಕೈಗೂಡಲಿಲ್ಲ. ಬರ್ಮಾದ ತವಾಯ್‌ಗೆ ಹೋಗಿ ಮನೆಯವರ ಗಣಿ ಮತ್ತು ಮರದ ವ್ಯಾಪಾರದಲ್ಲಿ ತೊಡಗಿದರು. ಅಲ್ಲಿಯೂ ಹಕ್ಕಿಗಳ ಹಿಂದೆಯೇ ಅಲೆದರು. 1917ರಲ್ಲಿ ಮರಳಿ ಬಂದು ದಾವರ್ ಕಾಲೇಜಿನಲ್ಲಿ ವ್ಯಾಪಾರ ಕಾನೂನು ಮತ್ತು ಲೆಕ್ಕಪತ್ರಗಳನ್ನು ಕಲಿತರು. ಖಾತೆಕಿರ್ದಿಗಳ ನಡುವೆ ದಿನ ಕಳೆಯುವ ನಮ್ಮ ಗುಮಾಸ್ತ ಬಂಧುಗಳಿಗೆ ಈ ಸಂಗತಿ ಸಂತೋಷವನ್ನುಂಟುಮಾಡೀತು. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಜಿಯಮ್ಮಿನಲ್ಲಿ ಕೆಲಸ ದೊರೆಯಿತು. ರಜೆ ಪಡೆದು ಬರ್ಲಿನ್ನಿಗೆ ಹೋಗಿ ಸ್ಟ್ರೆಸೆಮನ್ ಎಂಬ ಪಂಡಿತರಲ್ಲಿ ಶಾಸ್ತ್ರಾಭ್ಯಾಸ ಮಾಡಿ 1930ರಲ್ಲಿ ಹಿಂದಿರುಗಿದಾಗ, ಹಣವಿಲ್ಲವೆಂಬ ಕಾರಣದಿಂದ ಆ ಹುದ್ದೆಯನ್ನೇ ರದ್ದುಮಾಡಲಾಗಿತ್ತು! ಪತ್ನಿ ತಹಮೀನಾ ಅವರೊಡನೆ ಕಿಹೀಮ್ ಎಂಬ ಕಡಲಂಚಿನ ಹಳ್ಳಿಯನ್ನು ಸೇರಿ, ಗೀಜಗನ ಗೂಡುಗಳನ್ನು ನೋಡುತ್ತ ಕುಳಿತರು. ಆ ನಿರುದ್ಯೋಗದ ದಿನಗಳಲ್ಲಿ ಬರೆದ ಲೇಖನವೇ ಅವರಿಗೆ ಹೆಸರು ತಂದಿತು. ಅನಂತರ ಹೈದರಾಬಾದು, ತಿರುವಾಂಕೂರು, ಮೈಸೂರು ಮೊದಲಾದ ಸಂಸ್ಥಾನಗಳ ಪಕ್ಷಿಸಮೀಕ್ಷೆಗಾಗಿ ಡೇರೆ ಹೊತ್ತು ತಿರುಗಿದರು. 1939ರಲ್ಲಿ ಪತ್ನಿ ತೀರಿಕೊಂಡ ಮೇಲೂ ಆ ತಿರುಗಾಟ ನಿಲ್ಲಲಿಲ್ಲ.

ಆ ಕಾಲದ ಕಾನೂನಿನ ಸ್ಥಿತಿಯನ್ನು ವಾಚಕರು ತಿಳಿಯಬೇಕು. 1887ರ ಕಾಯಿದೆಯು ಹಕ್ಕಿಗಳು ಮರಿಮಾಡುವ ಕಾಲದಲ್ಲಿ, ಅದೂ ಪುರಸಭೆ ಮತ್ತು ದಂಡುಪ್ರದೇಶಗಳಲ್ಲಿ, ಅವುಗಳ ಮಾರಾಟವನ್ನು ತಡೆಯುತ್ತಿತ್ತು. 1902ರಲ್ಲಿ ಗರಿಗಳ ರಫ್ತು ನಿಂತಿತು. 1912ರ ಕಾಯಿದೆ ಬೇಟೆಗೆ ನಿಷಿದ್ಧಕಾಲವೆಂದು ಗೊತ್ತುಮಾಡಲು ಪ್ರಾಂತ ಸರಕಾರಗಳಿಗೆ ಅಧಿಕಾರವಿತ್ತಿತು. ಸಾಮಾನ್ಯವಾಗಿ ಮೊಟ್ಟೆಮರಿಗಳ ಕಾಲವೇ ಹಾಗೆ ಗೊತ್ತಾಗುತ್ತಿತ್ತು. ಆದರೆ ಸೈಬೀರಿಯ, ಮಂಗೋಲಿಯ, ಟಿಬೇಟುಗಳಿಂದ ಬರುವ ಬಾತುಗಳು ನಮ್ಮಲ್ಲಿ ಗೂಡು ಕಟ್ಟುವುದಿಲ್ಲ. ಚಳಿಗಾಲವನ್ನು ಕಳೆದು ಹೊರಟುಹೋಗುತ್ತವೆ. ಅವು ಇಲ್ಲಿರುವ ಕಾಲವೇ ಬೇಟೆಯ ಕಾಲ! ನಮ್ಮ ನೆಲದ ಹಕ್ಕಿಗೆ ಅರೆವರ್ಷದ ರಕ್ಷಣೆಯಾದರೂ ಇತ್ತು; ಪರಸ್ಥಳದಿಂದ ಬಂದದ್ದಕ್ಕೆ ಅದೂ ಇರಲಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಫಲವು ಭರತಪುರದಲ್ಲಿ ಕಂಡಿತು. 1938ರ ನವೆಂಬರ್ 12ರಂದು, ಅಂದರೆ ಸಾಲಿಂ ಅಲಿಯವರಿಗೆ 42 ತುಂಬಿದ ದಿನವೇ, ವೈಸರಾಯ್ ಲಿನ್‌ಲಿತ್‌ಗೋ ಅವರ ಪರಿವಾರವು ಅಲ್ಲಿಯ ಜೌಗುನೆಲದಲ್ಲಿ ಒಂದೇ ದಿನ 4,273 ಹಕ್ಕಿಗಳನ್ನು ಕೊಂದಿತು.

ಸಾಲಿಂ ಅಲಿಯವರು ಅಹಿಂಸಾವ್ರತಿಗಳಾಗಿರಲಿಲ್ಲವೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಶಾಸ್ತ್ರಕ್ಕಾಗಿ ಅವರೂ ಅನೇಕ ಹಕ್ಕಿಗಳನ್ನು ಹೊಡೆದವರು. ಆದರೆ ನೆಲೆಯೊಂದು ಕೆಟ್ಟರೆ ಬಂದೂಕಿಲ್ಲದೆಯೇ ಹಕ್ಕಿಯ ಕುಲ ನಾಶವಾಗುತ್ತದೆಂಬುದನ್ನು ಅವರಷ್ಟು ಬಲ್ಲವರು ವಿರಳ. ಮೈಸೂರು ಸಮೀಕ್ಷೆಯ ಕಾಲದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಗಳ ಸಂತೆಯನ್ನೇ ಕಂಡ ಅವರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸ್ವಾತಂತ್ರ್ಯಾನಂತರ ಭರತಪುರದ ಜೌಗನ್ನು ಬತ್ತಿಸಿ ಉಳಬೇಕೆಂಬ ಕೂಗೆದ್ದಾಗ ಪ್ರಧಾನಿ ನೆಹರೂ ಅವರವರೆಗೂ ಹೋಗಿ ಅದನ್ನು ಉಳಿಸಿದವರೂ ಅವರೇ.

ಆ ಭರತಪುರದ ಕಥೆಗೆ ಕಹಿಯಾದ ಭಾಗವೂ ಉಂಟು. 1982ರಲ್ಲಿ ಅಲ್ಲಿ ದನ ಮೇಯಿಸುವುದನ್ನು ನಿಲ್ಲಿಸಿದರು. ಸಾಲಿಂ ಅಲಿಯವರೂ ಅದನ್ನು ಸಮರ್ಥಿಸಿದ್ದರು. ಗಲಭೆಯಾಗಿ ಪೊಲೀಸರ ಗುಂಡಿಗೆ ಕೆಲವರು ಗ್ರಾಮಸ್ಥರು ಬಲಿಯಾದರು. ಮುಂದೆ ಅವರ ಸೊಸೈಟಿಯೇ ನಡೆಸಿದ ದೀರ್ಘ ಅಧ್ಯಯನದಲ್ಲಿ, ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ನೀರನ್ನು ಮುಚ್ಚಿ ಹಕ್ಕಿಗಳಿಗೇ ತೊಡಕಾಯಿತೆಂದು ಕಂಡುಬಂದಿತು. ನೆಲದ ಜನರನ್ನು ಕೇಳದೆ ಮಾಡಿದ ಕಟ್ಟಳೆ ಅದು ಎಂಬುದೇ ನಮ್ಮ ಅಭಿಪ್ರಾಯ.

ಇನ್ನೊಂದು ಸಂಗತಿ ಶಿವಮೊಗ್ಗೆಗೂ ಪುಣೆಗೂ ಸೇರಿದ್ದು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಹತ್ತಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ರೋಗಾಣುವನ್ನು ಗುರುತಿಸಿದರು. ಅದು ರಷ್ಯಾದ ಒಂದು ರೋಗಾಣುವನ್ನು ಹೋಲುತ್ತಿದ್ದುದರಿಂದ, ವಲಸೆ ಹಕ್ಕಿಗಳೇ ಉಣ್ಣೆಗಳೊಡನೆ ಅದನ್ನು ಹೊತ್ತುತಂದಿರಬಹುದೆಂಬ ಸಂಶಯ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾಲಿಂ ಅಲಿಯವರು 1959ರಿಂದ ಸಾವಿರಾರು ಹಕ್ಕಿಗಳನ್ನು ಹಿಡಿಸಿ, ಕಾಲಿಗೆ ಸಂಖ್ಯೆಯುಳ್ಳ ಬಳೆ ತೊಡಿಸಿ ಬಿಡಿಸಿದರು. ಆರೋಪ ಸಿದ್ಧವಾಗಲಿಲ್ಲ, ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದಕ್ಕೆ ಲಿಖಿತ ಪುರಾವೆ ದೊರೆಯತೊಡಗಿತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಅದರಲ್ಲಿಯೂ ಬಾತುಗಳು ಪರವಾನಗಿ ಪಡೆದು ಹೊಡೆಯಬಹುದಾದ ಸಣ್ಣ ಬೇಟೆಯ ಪಟ್ಟಿಯಲ್ಲಿದ್ದವು. ಆ ಪರವಾನಗಿಯ ಪದ್ಧತಿ ಹೋದುದು 1991ರ ತಿದ್ದುಪಡಿಯಿಂದ. ವಲಸೆ ಪ್ರಾಣಿಗಳನ್ನು ಕುರಿತ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 1983ರಲ್ಲಿ ಸೇರಿತ್ತು. ಸಾಲಿಂ ಅಲಿಯವರು 1985ರಲ್ಲಿ ರಾಜ್ಯಸಭೆಯ ನಾಮಕರಣ ಸದಸ್ಯರಾಗಿ, 1987ರ ಜೂನ್ 20ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.

ಈ ಕಾಯಿದೆಯ 44ನೆಯ ಕಲಮನ್ನು ಮಾರ್ಕೆಟ್ ಯಾರ್ಡಿನ ನಮ್ಮ ಹೊಟೇಲು ಬಂಧುಗಳು ಅವಶ್ಯ ತಿಳಿದಿರಬೇಕು. ಪರವಾನಗಿಯಿಲ್ಲದೆ ಕಾಡುಪ್ರಾಣಿಯ ಮಾಂಸವನ್ನು ಯಾವುದೇ ಊಟದ ಮನೆಯಲ್ಲಿ ಬೇಯಿಸುವುದೂ ಬಡಿಸುವುದೂ ಅಪರಾಧ. ಹಕ್ಕಿಯೂ ಅದರಲ್ಲಿ ಸೇರಿದೆ. ಊಟದ ಬಿಲ್ಲು ಬೇರೆಯಿದ್ದರೂ, ವಸತಿಯ ಲೆಕ್ಕದಲ್ಲಿ ಸೇರಿದ್ದರೂ ಒಂದೇ. ಶಿಕ್ಷೆ 3 ವರ್ಷಗಳವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಮೊದಲನೆಯ ಅನುಸೂಚಿಯ ಪ್ರಾಣಿಯಾದರೆ ಇನ್ನೂ ಹೆಚ್ಚು. ನಾವು ಹೊಟೇಲು ನಡೆಸುತ್ತಿದ್ದಾಗ ಚಳಿಗಾಲದಲ್ಲಿ ಗೋಣಿಚೀಲ ಹೊತ್ತು ಹಿಂಬಾಗಿಲಿಗೆ ಬರುವವರನ್ನು ಕಂಡಿದ್ದೇವೆ. ಮಾಲು ತಂದವನು ಕ್ಷಣದಲ್ಲಿ ಮಾಯವಾಗುತ್ತಾನೆ. ಒಲೆಯ ಮುಂದೆ ನಿಂತ ಅಡಿಗೆಭಟ್ಟನೂ ತಟ್ಟೆ ಹಿಡಿದ ಹುಡುಗನೂ ಸಿಕ್ಕಿಬೀಳುತ್ತಾರೆ. ಯಜಮಾನರು ಹೇಳಿದರೆಂಬುದು ಅಲ್ಲಿ ರಕ್ಷಣೆಯಾಗಲಾರದು.

ಸೋಲಾಪುರದ ಹಾದಿಯಿಂದ ಯಾರ್ಡಿಗೆ ಬರುವ ನಮ್ಮ ಲಾರಿಯವರು ಚಳಿಗಾಲದಲ್ಲಿ ಭಿಗವಣದ ಬಳಿ ಉಜನಿ ಹಿನ್ನೀರಿನಲ್ಲಿ ರಾಜಹಂಸಗಳನ್ನೂ ಪಟ್ಟೆತಲೆಯ ಹೆಬ್ಬಾತುಗಳನ್ನೂ ಕಾಣಬಹುದು. ಗದಗದ ಕಡೆಯವರಿಗೆ ಮಾಗಡಿ ಕೆರೆಯ ಹೆಬ್ಬಾತುಗಳು ಪರಿಚಿತವೇ. ಎಲ್ಲಿಯಾದರೂ ಸತ್ತ ಹಕ್ಕಿಯ ಕಾಲಿನಲ್ಲಿ ಬಳೆ ಕಂಡರೆ ಹಕ್ಕಿಯನ್ನು ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ, ಬಳೆಯ ಸಂಖ್ಯೆ, ಸ್ಥಳ, ದಿನಾಂಕಗಳನ್ನು ಬರೆದು ಮುಂಬಯಿಯ ಆ ಸೊಸೈಟಿಗೆ ಕಳುಹಿಸಬೇಕು.