ಜಿವರ್ನಿಯ ತೋಟಗಾರ

ಊರು ಬಿಟ್ಟು ಬಂದು ಬಾಡಿಗೆಯ ಮನೆಗಳಲ್ಲಿರುವ ನಾವು ಕಿಟಕಿಯ ಬಳಿ ಒಂದು ತುಳಸಿಯ ಕುಂಡವನ್ನಿಟ್ಟು ತೃಪ್ತಿಪಡುವುದುಂಟು. ಮನೆ ಸ್ವಂತದ್ದಲ್ಲವೆಂಬ ಅಳುಕು ಅದಕ್ಕಿಂತ ಮುಂದೆ ಹೋಗಗೊಡದು. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೋನೆಗೆ ಆ ಅಳುಕು ಇದ್ದಂತೆ ಕಾಣುವುದಿಲ್ಲ. 1883ರಲ್ಲಿ, ತನ್ನ 42ನೆಯ ವಯಸ್ಸಿನಲ್ಲಿ, ಆತನು ಜಿವರ್ನಿಯೆಂಬ ಹಳ್ಳಿಯಲ್ಲಿ ಹಿಡಿದದ್ದು ಬಾಡಿಗೆಯ ಮನೆಯನ್ನೇ. ಮಡದಿ ತೀರಿಹೋಗಿ ನಾಲ್ಕು ವರ್ಷಗಳಾಗಿದ್ದುವು. ಸಂಗಡ ತನ್ನಿಬ್ಬರು ಗಂಡುಮಕ್ಕಳು, ಮುಂದೆ ಆತನ ಕೈಹಿಡಿದ ಅಲೀಸ್, ಆಕೆಯ ಆರು ಮಕ್ಕಳು. ಕೈಯಲ್ಲಿ ಹಣವಿಲ್ಲ. ಆದರೂ ಬಂದವನೇ ನೆಲ ಅಗೆಯತೊಡಗಿದನು. ಮನೆ ಆತನದಾದದ್ದು ಏಳು ವರ್ಷಗಳ ಮೇಲೆ, 1890ರಲ್ಲಿ.

ಮನೆಯ ಮುಂದೆ ಸುಮಾರು ಎರಡೂವರೆ ಎಕರೆ ನೆಲ. ನಡುದಾರಿಗೆ ಕತ್ತಲೆ ಕವಿಸಿದ್ದ ಮರಗಳನ್ನು ಕಡಿಸಬೇಕೆಂದು ಆತ, ಕೂಡದೆಂದು ಅಲೀಸ್. ಇಂಥ ವ್ಯಾಜ್ಯ ಯಾವ ಸಂಸಾರದಲ್ಲಿಲ್ಲ? ಕಡೆಗೆ ಮನೆಯೆದುರಿನ ಎರಡು ಯೂ ಮರಗಳು ಉಳಿದುವು. ಮಿಕ್ಕವುಗಳ ಎಡೆಯಲ್ಲಿ ಕಬ್ಬಿಣದ ಕಮಾನುಗಳೆದ್ದು ಅವುಗಳ ಮೇಲೆ ಗುಲಾಬಿಯ ಬಳ್ಳಿ ಹಬ್ಬಿತು. ಪಾತಿಗಳನ್ನು ಹಾಕಿದ ಬಗೆಯಲ್ಲಿ ಚಿತ್ರಕಾರನ ಲೆಕ್ಕವಿದೆ. ವಸಂತದಲ್ಲಿ ಟ್ಯೂಲಿಪ್, ಅದು ಬಾಡುವಷ್ಟರಲ್ಲಿ ಐರಿಸ್, ಬಳಿಕ ಗುಲಾಬಿ, ಶರತ್ತಿಗೆ ಡೇಲಿಯಾ. ಬಣ್ಣವಿಲ್ಲದ ತಿಂಗಳು ಇರಬಾರದು.

1893ರಲ್ಲಿ ರೈಲುಹಾದಿಯಾಚೆಗೆ ಇನ್ನಷ್ಟು ನೆಲ ಕೊಂಡು, ಎಪ್ಟ್ ನದಿಯ ಕವಲೊಂದನ್ನು ತಿರುಗಿಸಿ ಕೊಳ ಮಾಡಹೊರಟನು. ಹಳ್ಳಿಗರು ಎದುರುಬಿದ್ದರು. ಪರದೇಶದ ಗಿಡಗಳಿಂದ ನೀರು ವಿಷವಾದರೆ ದನಗಳ ಗತಿಯೇನೆಂಬುದು ಅವರ ಭಯ. ಹೊಳೆಯನ್ನು ನಂಬಿ ಬದುಕುವವರ ಭಯವನ್ನು ನಗೆಯಾಡಲಾಗದು. ಮೋನೆ ಅಧಿಕಾರಿಗಳಿಗೆ ಅರ್ಜಿ ಬರೆದು ಅದೇ ವರ್ಷ ಅಪ್ಪಣೆ ಪಡೆದನು. ಕೊಳದಲ್ಲಿ ನೈದಿಲೆಗಳು, ಅದರ ಮೇಲೆ ಜಪಾನೀ ಮಾದರಿಯ ಹಸುರು ಸೇತುವೆ. ಆತನೋ ಜಪಾನನ್ನು ಕಂಡವನಲ್ಲ, ಗೋಡೆಯ ಮೇಲಿನ ಜಪಾನೀ ಅಚ್ಚುಚಿತ್ರಗಳನ್ನು ಕಂಡವನು! ದೋಣಿಯಲ್ಲಿ ಕುಳಿತು ಎಲೆಗಳನ್ನು ಶುಚಿಗೊಳಿಸುವುದಕ್ಕೆಂದೇ ಒಬ್ಬ ಮಾಲಿಯಿದ್ದನು. ದಾರಿಯ ಧೂಳು ನೈದಿಲೆಯ ಮೇಲೆ ಕೂರುತ್ತದೆಂದು ತನ್ನ ಖರ್ಚಿನಲ್ಲೇ ರಸ್ತೆಗೆ ಡಾಂಬರು ಹಾಕಿಸಿದನು. ಈ ಕೊಳವನ್ನು ಕುರಿತು ಆತ ಬರೆದ ಚಿತ್ರಗಳು ಸುಮಾರು 250.

ಅಷ್ಟರಲ್ಲಿ ಕಷ್ಟಗಳು ಒಂದರ ಹಿಂದೊಂದು ಬಂದುವು. 1911ರಲ್ಲಿ ಅಲೀಸ್ ಹೋದಳು. 1912ರಲ್ಲಿ ವೈದ್ಯರು ಕಣ್ಣಿಗೆ ಪೊರೆ ಬಂದಿದೆಯೆಂದರು. 1914ರಲ್ಲಿ ಹಿರಿಯ ಮಗ ತೀರಿಕೊಂಡನು. ಬಣ್ಣವೇ ಬಾಳಾದವನಿಗೆ ಬಣ್ಣ ತಿಳಿಯದಾಯಿತು. ಯುದ್ಧದ ಕಾಲದಲ್ಲೂ ತೋಟ ಬಿಟ್ಟು ಕದಲದೆ, ಕೊಳದ ಬೃಹತ್ ಚಿತ್ರಗಳನ್ನು ಬರೆಯುತ್ತ ಕುಳಿತನು. 1918ರಲ್ಲಿ ಯುದ್ಧ ನಿಂತೊಡನೆ ಅವನ್ನು ದೇಶಕ್ಕೆ ಕೊಡಲು ಮುಂದಾದನು. 1923ರಲ್ಲಿ ಕಣ್ಣಿನ ಶಸ್ತ್ರಕ್ರಿಯೆಯಾಯಿತು. 1926ರ ಡಿಸೆಂಬರ್ 5ರಂದು ಅದೇ ಮನೆಯಲ್ಲಿ ಕಣ್ಮುಚ್ಚಿದನು. ಆ ಚಿತ್ರಗಳು ಪ್ಯಾರಿಸ್ಸಿನ ಒರಾಂಜರಿಯಲ್ಲಿ ಜನರ ನೋಟಕ್ಕೆ ತೆರೆದದ್ದು ಮರುವರ್ಷ.

ಮಲಮಗಳು ಬ್ಲಾಂಶ್ ತೋಟವನ್ನು ನೋಡಿಕೊಂಡಳು. ಆಕೆಯ ಕಾಲಾನಂತರ ಅದು ಹಾಳುಬಿತ್ತು. ಕಿರಿಯ ಮಗ ಮಿಷೆಲ್ 1966ರಲ್ಲಿ ಸಾಯುವಾಗ ಅದು ಫ್ರಾನ್ಸಿನ ಕಲಾ ಅಕಾಡೆಮಿಗೆ ಸೇರಿತು. ಪುನಃ ನೆಟ್ಟು ಬೆಳೆಸಿ 1980ರಲ್ಲಿ ಬಾಗಿಲು ತೆರೆದರು. ಈಗ ಏಪ್ರಿಲ್‌ನಿಂದ ತೋಟವನ್ನು ನೋಡಬಹುದು. ನವೆಂಬರ್ ಮೊದಲಿಗೆ, ನಮ್ಮ ರಾಜ್ಯೋತ್ಸವದ ಸುಮಾರಿಗೆ, ಚಳಿಗಾಲಕ್ಕೆಂದು ಮುಚ್ಚುತ್ತಾರೆ.