ದಂಡಾಧೀಶ ಜನ್ನನ ಕರುಣೆ ಯಾರಿಗೆ ಸಿಕ್ಕಿತು?

ಅರಸೀಕೆರೆಯಲ್ಲಿ ರೈಲು ಇಳಿದು ಬೇಲೂರು, ಹಳೇಬೀಡಿಗೆ ಹೋಗುವವರು ಶಿಲ್ಪಿಗಳ ಬಗ್ಗೆ ಕೇಳುತ್ತಾರೆ. ದೊಡ್ಡ ಅಪರಾಧವೊಂದು ನಡೆದು, ನೇಣಿಗೆ ಹಾಕಿ ಅಂತ ಎಲ್ಲರೂ ಕೂಗುವಾಗ ನನಗೆ ನೆನಪಾಗುವುದು ಅದೇ ಹಳೇಬೀಡಿನ ಕವಿ ಜನ್ನ.

ಹಳೇಬೀಡು ಆಗ ದೋರಸಮುದ್ರ, ಹೊಯ್ಸಳರ ರಾಜಧಾನಿ. ಜನ್ನ ಸುಮನೋಬಾಣ ಎಂದು ಹೆಸರಾದ ಶಂಕರನ ಮಗ, ವ್ಯಾಕರಣಕಾರ ಕೇಶಿರಾಜನ ಸೋದರಮಾವ. ವೀರಬಲ್ಲಾಳ ಅವನಿಗೆ ಕವಿಚಕ್ರವರ್ತಿ ಬಿರುದು ಕೊಟ್ಟ. ಮುಂದೆ ನರಸಿಂಹನ ಕಾಲದಲ್ಲಿ ಮಂತ್ರಿಯೂ ಆಗಿದ್ದ, ದಂಡಾಧೀಶನೂ ಆಗಿದ್ದ. ಅಧಿಕಾರದ ಕತ್ತಿ ಹೇಗಿರುತ್ತೆ ಅಂತ ಹತ್ತಿರದಿಂದ ಬಲ್ಲವನು. ದೋರಸಮುದ್ರದ ಪಾರ್ಶ್ವನಾಥ ಬಸದಿಗೆ ದ್ವಾರ ಮಾಡಿಸಿದ. 1230ರಲ್ಲಿ ಅನಂತನಾಥ ಪುರಾಣ ಮುಗಿಸಿದ.

ಆದರೆ ಅವನನ್ನು ಇವತ್ತಿಗೂ ಉಳಿಸಿರುವುದು 1209ರ ಯಶೋಧರ ಚರಿತೆ. ಅದರಲ್ಲಿ ರಾಜ ಮಾರಿದತ್ತ ಇಬ್ಬರು ಎಳೆಯರನ್ನು ಮಾರಿಗೆ ಬಲಿ ಕೊಡಲು ನಿಂತಿದ್ದಾನೆ. ಆ ಅಣ್ಣತಂಗಿ ತಮ್ಮ ಹಿಂದಿನ ಜನ್ಮಗಳ ಕಥೆ ಹೇಳುತ್ತಾರೆ: ಹಿಟ್ಟಿನ ಕೋಳಿಯೊಂದನ್ನು ಬಲಿ ಕೊಟ್ಟ ತಪ್ಪಿಗೆ ಜನ್ಮಜನ್ಮಕ್ಕೂ ಸತ್ತ ಕಥೆ. ಕೇಳಿದ ರಾಜ ಬಲಿಯನ್ನೂ ಬಿಟ್ಟ, ರಾಜ್ಯವನ್ನೂ ಬಿಟ್ಟ. ಚಂಡಕರ್ಮನೆಂಬ ತಳವಾರ ಇನ್ನೊಬ್ಬ. ಜೀವ ಎಲ್ಲಿದೆ ಅಂತ ನೋಡಲು ಕಳ್ಳನನ್ನು ಸೀಳಿದವನು. ಮುನಿಯ ಜೊತೆ ವಾದಕ್ಕಿಳಿದು ಅವನೂ ಬದಲಾದ. ಇಬ್ಬರನ್ನೂ ತಿದ್ದಿದ್ದು ಎದುರು ಕೂತು ಆಡಿದ ಮಾತು.

ಇದು ಬರೀ ಪುರಾಣದ ಮಾತಲ್ಲ. ಮರಣದಂಡನೆಗೆ ಮುಂಚೆ ಅಪರಾಧಿ ತಿದ್ದಿಕೊಳ್ಳಬಲ್ಲನೇ ಅಂತ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ.

ಹಾಗಂತ ಜನ್ನನ ಕರುಣೆ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಗಂಡನಿಗೂ ಅತ್ತೆಗೂ ವಿಷವಿಟ್ಟ ಅಮೃತಮತಿ ನೇರ ನರಕಕ್ಕೆ ಹೋಗುತ್ತಾಳೆ. ಅವಳೆದುರು ಕೂತು ಕಥೆ ಹೇಳಲು ಯಾರೂ ಬರುವುದಿಲ್ಲ. ಬಲಿ ಕೊಡಲು ನಿಂತ ರಾಜನಿಗೆ ದಾರಿಯಿದೆ, ರಾಣಿಗಿಲ್ಲ.

ಈ ತಾರತಮ್ಯ ನಮಗೂ ಹೊಸದಲ್ಲ. ದೇಶದ ಜೈಲುಗಳಲ್ಲಿರುವ ಮುಕ್ಕಾಲು ಪಾಲು ಜನ ವಿಚಾರಣಾಧೀನರು. ಅಪರಾಧ ಸಾಬೀತಾಗಿಲ್ಲ, ಆದರೂ ಒಳಗಿದ್ದಾರೆ. ಜಾಮೀನಿಗೆ ದುಡ್ಡಿಲ್ಲದವರೂ ಅದರಲ್ಲಿದ್ದಾರೆ. ಒಳ್ಳೇ ವಕೀಲನಿದ್ದವನ ಮಾತನ್ನು ಕೋರ್ಟು ಬೇಗ ಕೇಳುತ್ತೆ, ಉಳಿದವರು ಕಾಯುತ್ತಾರೆ.

ಜೈಲಿಗೆ ಹೋದವರಲ್ಲಿ ಬಹುತೇಕರು ಒಂದು ದಿನ ನಮ್ಮ ಬೀದಿಗೇ ವಾಪಸ್ ಬರುತ್ತಾರೆ. ಅಷ್ಟೊತ್ತಿಗೆ ಅವರು ಏನಾಗಿರಬೇಕು ಅನ್ನುವುದು ನಮ್ಮ ಸುರಕ್ಷತೆಯ ಪ್ರಶ್ನೆಯೂ ಹೌದು. ತಿದ್ದಿಕೊಳ್ಳುವ ಅವಕಾಶ ಮಾರಿದತ್ತನಿಗೆ ಸಿಕ್ಕಿದ ಹಾಗೆ ಅಮೃತಮತಿಗೂ ಸಿಗಬೇಕು.