ಅಂಡಾಣುವನ್ನು ಕಂಡ ವಿಜ್ಞಾನಿ – ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್

ಕಾವು ಕೂತ ಕೋಳಿಯ ಕೆಳಗಿನ ಮೊಟ್ಟೆಯೊಡೆದು ಮರಿ ಹೊರಬರುವುದನ್ನು ನಮ್ಮ ಹಳ್ಳಿಗಳ ಮಕ್ಕಳು ನೋಡಿಯೇ ಇರುತ್ತಾರೆ. ಮೀನು, ಕಪ್ಪೆಗಳೂ ಮೊಟ್ಟೆಯಿಡುತ್ತವೆ. ಆದರೆ ಮರಿ ಹಾಕಿ ಮೊಲೆಯೂಡಿಸುವ ಹಸು, ಆಡು, ನಾಯಿಗಳಲ್ಲಿಯೂ, ಅಷ್ಟೇಕೆ ಮನುಷ್ಯರಲ್ಲಿಯೂ ಹುಟ್ಟಿಗೆ ಮೂಲವಾದದ್ದು ಒಂದು ಪುಟ್ಟ ಮೊಟ್ಟೆಯೇ. ಇದಕ್ಕೆ ಅಂಡಾಣುವೆಂದು ಹೆಸರು. ಇದು ತಾಯಿಯ ಅಂಡಾಶಯದೊಳಗೆ ಇರುವುದನ್ನು ಮೊಟ್ಟಮೊದಲು ಸ್ಪಷ್ಟವಾಗಿ ಕಂಡು ಲೋಕಕ್ಕೆ ತಿಳಿಸಿದವನು ಕಾರ್ಲ್ ಅರ್ನ್‌ಸ್ಟ್ ಫಾನ್ ಬೇರ್. ಅದು 1827ನೆಯ ಇಸವಿ. ಆ ವೇಳೆಗೆ ಯುರೇನಸ್ ಗ್ರಹವನ್ನು ಕಂಡುಹಿಡಿದು 46 ವರ್ಷಗಳಾಗಿದ್ದವು. ಕೋಟಿಗಟ್ಟಲೆ ಮೈಲಿ ದೂರದ ಗ್ರಹ ಮನುಷ್ಯನ ಕಣ್ಣಿಗೆ ಬಿದ್ದಿತ್ತು. ತಾನು ಹುಟ್ಟಿಬಂದ ಬೀಜ ಮಾತ್ರ ಬಿದ್ದಿರಲಿಲ್ಲ!

ಅದಕ್ಕೆ ಹಿಂದಿನ ನಂಬಿಕೆಗಳೇನು? ಗಂಡು ಬೀಜ, ಹೆಣ್ಣು ಹೊಲ ಎಂಬ ಭಾವನೆ ನಮ್ಮ ದೇಶದಲ್ಲಿ ಬಹು ಹಳೆಯದು. ಗ್ರೀಸ್ ದೇಶದ ಅರಿಸ್ಟಾಟಲನೂ ಮಗುವಿಗೆ ರೂಪವನ್ನು ಕೊಡುವವನು ತಂದೆ, ತಾಯಿ ಒದಗಿಸುವುದು ಬರಿಯ ದ್ರವ್ಯವನ್ನು ಎಂದೇ ತಿಳಿದಿದ್ದನು. ರಕ್ತಪರಿಚಲನೆಯನ್ನು ಕಂಡುಹಿಡಿದ ಇಂಗ್ಲೆಂಡಿನ ವಿಲಿಯಂ ಹಾರ್ವೆ, ದೊರೆಯ ಬೇಟೆಯಲ್ಲಿ ಸಿಕ್ಕಿದ ಜಿಂಕೆಗಳನ್ನು ಸೀಳಿ ಹುಡುಕಿದರೂ ಮೊಟ್ಟೆ ಕಾಣದೆ ಸೋತನು. 1672ರಲ್ಲಿ ಹಾಲೆಂಡಿನ ರೆನಿಯರ್ ಡಿ ಗ್ರಾಫ್ ಎಂಬ ತರುಣ ವೈದ್ಯನು ಅಂಡಾಶಯದ ಮೇಲೆ ಗುಳ್ಳೆಗಳಂತೆ ಉಬ್ಬಿರುವ ನೀರುಚೀಲಗಳನ್ನು ವರ್ಣಿಸಿ, ಅವೇ ಮೊಟ್ಟೆಗಳೆಂದು ಭಾವಿಸಿದನು. ಮರುವರ್ಷವೇ, 32ರ ಹರೆಯದಲ್ಲಿ, ಅವನು ತೀರಿಕೊಂಡನು. ಆ ಚೀಲಗಳಿಗೆ ಇಂದಿಗೂ ಗ್ರಾಫನ ಅಂಡಪುಟಕಗಳೆಂದು ಹೆಸರಿದೆ. ಆದರೆ ಒಂದು ತೊಡಕು ಉಳಿಯಿತು. ಅಂಡಾಶಯದ ಮೇಲಿನ ಚೀಲ ದೊಡ್ಡದು. ಅಲ್ಲಿಂದ ಗರ್ಭಕೋಶಕ್ಕೆ ಹೋಗುವ ಅಂಡನಾಳದಲ್ಲಿ ಕಾಣುತ್ತಿದ್ದ ವಸ್ತು ಅದಕ್ಕಿಂತ ಎಷ್ಟೋ ಚಿಕ್ಕದು. ದೊಡ್ಡದು ಚಿಕ್ಕದಾಗುವುದು ಹೇಗೆ? ಈ ಒಗಟು 155 ವರ್ಷ ಹಾಗೆಯೇ ಉಳಿಯಿತು.

ಅದನ್ನು ಬಿಡಿಸಿದ ಬೇರನು 1792ನೆಯ ಫೆಬ್ರುವರಿ 28ರಂದು ಇಂದಿನ ಎಸ್ಟೋನಿಯಾ ದೇಶದ ಪೀಬೆ ಎಂಬಲ್ಲಿ ಜಮೀನ್ದಾರರ ಮನೆತನದಲ್ಲಿ ಜನಿಸಿದನು. ಆಗ ಆ ಸೀಮೆ ರಷ್ಯಾದ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ತಂದೆತಾಯಿಗಳಿಗೆ ಹತ್ತು ಮಕ್ಕಳು. ಮಕ್ಕಳಿಲ್ಲದ ದೊಡ್ಡಪ್ಪ-ಚಿಕ್ಕಪ್ಪಂದಿರ ಮನೆಗೆ ಒಂದು ಮಗುವನ್ನು ಕೊಡುವುದು ನಮ್ಮಲ್ಲಿಯೂ ಉಂಟಷ್ಟೆ. ಹಾಗೆಯೇ ಕಾರ್ಲನನ್ನೂ ತಂದೆಯ ಸಹೋದರನ ಮನೆಗೆ ಕಳುಹಿಸಿದರು. ಏಳು ವರ್ಷದವರೆಗೆ ಅವನು ಅಲ್ಲಿ ಬೆಳೆದನು. ಗಿಡಮೂಲಿಕೆಗಳನ್ನು ಆರಿಸಿ ಕೂಡಿಡುವ ಹವ್ಯಾಸ ಎಳವೆಯಲ್ಲಿಯೇ ಅವನಿಗೆ ಅಂಟಿತು. ಮನೆಯ ಮಾತು ಜರ್ಮನ್, ಸುತ್ತಲಿನ ರೈತರದು ಎಸ್ಟೋನಿಯನ್, ಆಳುವವರದು ರಷ್ಯನ್, ವಿದ್ವಾಂಸರದು ಲ್ಯಾಟಿನ್. ಇಷ್ಟು ಭಾಷೆಗಳ ನಡುವೆ ಬೆಳೆಯುವುದೆಂದರೇನು ಎಂಬುದನ್ನು ಗಡಿನಾಡಿನ ಮಕ್ಕಳಾದ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

1810ರಲ್ಲಿ ಅವನು ಡೋರ್ಪಾಟ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ವಿದ್ಯಾರ್ಥಿಯಾದನು. ಆ ಊರಿಗೆ ಈಗ ಟಾರ್ಟು ಎಂದು ಹೆಸರು. 1812ರಲ್ಲಿ ನೆಪೋಲಿಯನ್ನನು ರಷ್ಯಾದ ಮೇಲೆ ದಂಡೆತ್ತಿ ಬಂದಾಗ, ವಿದ್ಯಾರ್ಥಿಗಳು ರೋಗಪೀಡಿತ ಸೈನಿಕರ ಶುಶ್ರೂಷೆಗಾಗಿ ರೀಗಾ ನಗರಕ್ಕೆ ಹೋದರು. ಅಲ್ಲಿ ಟೈಫಸ್ ಜ್ವರ ಹಬ್ಬಿತ್ತು. ಬೇರನೂ ಆ ಜ್ವರಕ್ಕೆ ತುತ್ತಾಗಿ ಸಾವಿನಂಚಿನಿಂದ ಪಾರಾದನು. 1814ರಲ್ಲಿ ವೈದ್ಯ ಪದವಿ ದೊರೆಯಿತು. ಆದರೆ ಕಲಿತ ವೈದ್ಯ ವಿದ್ಯೆಯಲ್ಲಿ ಅವನಿಗೆ ತೃಪ್ತಿಯಾಗಲಿಲ್ಲ. ಮೊದಲು ವಿಯೆನ್ನಾಕ್ಕೂ ಅಲ್ಲಿಂದ 1815ರಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್ ನಗರಕ್ಕೂ ಹೋದನು.

ಅಲ್ಲಿ ಅವನಿಗೆ ಇಗ್ನಾಟ್ಸ್ ಡೋಲಿಂಗರ್ ಎಂಬ ಗುರುವು ದೊರೆತನು. ಆ ವರ್ಷ ಉಪನ್ಯಾಸಗಳಿಲ್ಲವೆಂದು ತಿಳಿದು ಶಿಷ್ಯನು ನಿರಾಶನಾದಾಗ, ಯಾವುದಾದರೂ ಒಂದು ಪ್ರಾಣಿಯನ್ನು ತಂದು ಕೈಯಾರೆ ಕೊಯ್ದು ನೋಡುವಂತೆ ಗುರುವು ಸೂಚಿಸಿದನು. ಬೇರನು ಔಷಧಿಯಂಗಡಿಯಿಂದ ಒಂದು ಜಿಗಣೆಯನ್ನು ತಂದನು. ಪುಸ್ತಕಕ್ಕಿಂತ ಮೊದಲು ವಸ್ತುವನ್ನೇ ನೋಡಬೇಕೆಂಬ ಪಾಠ ಅವನಿಗೆ ಆ ಜಿಗಣೆಯಿಂದ ಆರಂಭವಾಯಿತು. ಕೋಳಿಮೊಟ್ಟೆಯೊಳಗೆ ಮರಿ ದಿನದಿನಕ್ಕೆ ಹೇಗೆ ರೂಪುಗೊಳ್ಳುತ್ತದೆಂಬುದನ್ನು ಯಾರಾದರೂ ಶೋಧಿಸಬೇಕೆಂಬುದು ಡೋಲಿಂಗರನ ಬಯಕೆಯಾಗಿತ್ತು. ಮೊಟ್ಟೆಗಳಿಗೂ ಚಿತ್ರಕಾರನಿಗೂ ತಗಲುವ ವೆಚ್ಚ ಬೇರನ ಕೈಮೀರಿದ್ದು. ಆದುದರಿಂದ ಆ ಕೆಲಸವನ್ನು ಅವನ ಸಿರಿವಂತ ಗೆಳೆಯನಾದ ಕ್ರಿಶ್ಚಿಯನ್ ಪ್ಯಾಂಡರನು ವಹಿಸಿಕೊಂಡು, ಎರಡು ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳನ್ನು ಒಡೆದು ನೋಡಿ, 1817ರಲ್ಲಿ ಪ್ರಕಟಿಸಿದನು. ಬೇರನು ಗೆಳೆಯನ ಮೇಲೆ ಅಸೂಯೆಪಡಲಿಲ್ಲ. ಅವನು ಬಿಟ್ಟ ಜಾಗದಿಂದಲೇ ತಾನು ಮುಂದುವರಿದನು.

1817ರಲ್ಲಿ ಅವನು ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಶರೀರರಚನಾ ಶಾಸ್ತ್ರದ ಕೆಲಸಕ್ಕೆ ಸೇರಿದನು. 1820ರಲ್ಲಿ ಮದುವೆಯಾಯಿತು. ಪಾಠ ಹೇಳುವುದು ಮುಗಿದ ಮೇಲೆ ಸೂಕ್ಷ್ಮದರ್ಶಕದ ಮುಂದೆ ಕುಳಿತು ಕೋಳಿಮರಿಯ ಬೆಳವಣಿಗೆಯನ್ನು ಗಂಟೆಗಂಟೆಗೂ ಪರೀಕ್ಷಿಸುತ್ತಿದ್ದನು. ಆ ಬಳಿಕ ಸ್ತನಿಗಳತ್ತ ತಿರುಗಿದನು. ನಾಯಿಗಳ ಅಂಡನಾಳದಲ್ಲಿ ಅತಿ ಚಿಕ್ಕ ಅಂಡಗಳು ಅವನಿಗೆ ಕಂಡವು. ಇವು ಎಲ್ಲಿಂದ ಬಂದವು ಎಂದು ಹೆಜ್ಜೆಹೆಜ್ಜೆಯಾಗಿ ಹಿಂದಕ್ಕೆ ಹುಡುಕುತ್ತ ಹೋದನು. ಡಿ ಗ್ರಾಫನ ಒಗಟು ಇದ್ದದ್ದು ಇಲ್ಲಿಯೇ.

1827ರ ವಸಂತಕಾಲದಲ್ಲಿ ಅವನ ಹಿರಿಯ ಸಹೋದ್ಯೋಗಿಯಾದ ಬುರ್ಡಾಖನು ತನ್ನ ಮನೆಯ ಹೆಣ್ಣುನಾಯಿಯನ್ನೇ ಈ ಕೆಲಸಕ್ಕಾಗಿ ಒಪ್ಪಿಸಿದನು. ಅದರ ಅಂಡಾಶಯವನ್ನು ನೋಡುತ್ತಿರುವಾಗ, ಒಂದು ಅಂಡಪುಟಕದೊಳಗೆ ಹಳದಿ ಬಣ್ಣದ ಸಣ್ಣ ಚುಕ್ಕೆಯೊಂದು ಬರಿಗಣ್ಣಿಗೇ ಕಂಡಿತು. ಮತ್ತೊಂದರಲ್ಲಿಯೂ ಅಂಥದೇ ಚುಕ್ಕೆ. ಬೇರನು ಪುಟಕವನ್ನು ಸೀಳಿ, ಚುಕ್ಕೆಯನ್ನು ಚಾಕುವಿನ ಮೊನೆಯಿಂದ ಎತ್ತಿ, ನೀರು ತುಂಬಿದ ಪುಟ್ಟ ಗಾಜಿನ ಬಟ್ಟಲಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದನು. ನೋಡಿದವನೇ ದಿಗ್ಭ್ರಾಂತನಾಗಿ ಹಿಂದೆ ಸರಿದನು. ಅಂಡನಾಳದಲ್ಲಿ ಕಂಡಿದ್ದ ಅದೇ ಅಂಡ ಇಲ್ಲಿಯೂ ಇದೆ! ತನ್ನ ಕಣ್ಣೇ ತನ್ನನ್ನು ಮೋಸಗೊಳಿಸಿತೇ ಎಂಬ ಅಂಜಿಕೆಯಿಂದ ಅವನಿಗೆ ಮತ್ತೊಮ್ಮೆ ನೋಡಲು ಧೈರ್ಯ ಸಾಲದಾಯಿತು. ಕೊಂಚ ಹೊತ್ತು ಸುಧಾರಿಸಿಕೊಂಡು ಪುನಃ ನೋಡಿದನು. ಅದು ಅಲ್ಲಿಯೇ ಇತ್ತು.

ಒಗಟು ಒಡೆಯಿತು. ಡಿ ಗ್ರಾಫನು ಕಂಡದ್ದು ಮೊಟ್ಟೆಯನ್ನಲ್ಲ, ಮೊಟ್ಟೆಯ ಮನೆಯನ್ನು. ಮೊಟ್ಟೆ ಸಿಕ್ಕಿತೆಂದು ಜನ ತಿಳಿದುಕೊಂಡಿದ್ದರಿಂದಲೇ ಒಳಗಿನ ಚುಕ್ಕೆಯನ್ನು ಯಾರೂ ಹುಡುಕದೆ ಉಳಿದರು. ಬೇರನು ಬೇರೆ ಸ್ತನಿಗಳಲ್ಲಿಯೂ ಪರೀಕ್ಷಿಸಿ, ಸ್ತನಿಗಳ ಮತ್ತು ಮನುಷ್ಯನ ಅಂಡಾಣುವಿನ ಉಗಮವನ್ನು ಕುರಿತು ಲ್ಯಾಟಿನ್ನಿನಲ್ಲಿ ಬರೆದನು. ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಗೆ ಬರೆದ ಪತ್ರದ ರೂಪದಲ್ಲಿ ಅದು 1827ರಲ್ಲಿ ಲೈಪ್‌ಜಿಗ್ ನಗರದಲ್ಲಿ ಅಚ್ಚಾಯಿತು.

ವಿದ್ಯಾರ್ಥಿಗಳೇ, ಬೇರನು ಕಂಡ ಆ ಚುಕ್ಕೆಯ ಕಥೆಯನ್ನು ಇಂದಿನ ವಿಜ್ಞಾನ ಇನ್ನಷ್ಟು ವಿವರವಾಗಿ ತಿಳಿದಿದೆ. ಮನುಷ್ಯರ ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಸುಮಾರು ಹತ್ತರಲ್ಲೊಂದು ಪಾಲು. ಆದರೂ ನಮ್ಮ ಶರೀರದ ಜೀವಕೋಶಗಳಲ್ಲಿ ಅದೇ ಅತ್ಯಂತ ದೊಡ್ಡದು. ಹೆಣ್ಣುಮಗು ತಾಯಿಯ ಗರ್ಭದಲ್ಲಿ ಐದನೆಯ ತಿಂಗಳಲ್ಲಿರುವಾಗ ಅದರ ಅಂಡಾಶಯಗಳಲ್ಲಿ ಸುಮಾರು 60ರಿಂದ 70 ಲಕ್ಷ ಅಂಡಕೋಶಗಳಿರುತ್ತವೆ. ಹುಟ್ಟುವಾಗ 10ರಿಂದ 20 ಲಕ್ಷ ಉಳಿಯುತ್ತವೆ; ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷ. ಇವುಗಳಲ್ಲಿ ಜೀವಮಾನದಲ್ಲಿ ಪಕ್ವವಾಗಿ ಹೊರಬರುವವು ಸುಮಾರು 400 ಮಾತ್ರ. ನಿಮ್ಮ ಹುಟ್ಟಿಗೆ ಕಾರಣವಾದ ಅಂಡಕೋಶವು, ನಿಮ್ಮ ತಾಯಿ ನಿಮ್ಮ ಅಜ್ಜಿಯ ಗರ್ಭದಲ್ಲಿದ್ದಾಗಲೇ ರೂಪುಗೊಂಡಿತ್ತು ಎಂಬುದನ್ನು ಯೋಚಿಸಿ ನೋಡಿ!

ಹುಟ್ಟಿಗೆ ಮುಂಚೆಯೇ ಈ ಕೋಶಗಳು ತಮ್ಮ ವರ್ಣತಂತುಗಳನ್ನು ಅರ್ಧ ಮಾಡಿಕೊಳ್ಳುವ ವಿಭಜನೆಯನ್ನು ಆರಂಭಿಸಿ, ನಡುವೆಯೇ ನಿಲ್ಲಿಸಿ, ವರ್ಷಾನುಗಟ್ಟಲೆ ನಿದ್ರಿಸುತ್ತವೆ. ಮೈನೆರೆದ ಮೇಲೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಿಂದಾಗಿ ಪ್ರತಿ ತಿಂಗಳೂ ಕೆಲವು ಪುಟಕಗಳು ಬಲಿಯತೊಡಗುತ್ತವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ಮುಂದಾಗಿ, ನೀರು ತುಂಬಿ ಸುಮಾರು ಎರಡು ಸೆಂಟಿಮೀಟರಿನಷ್ಟು ಉಬ್ಬುತ್ತದೆ; ಉಳಿದವು ಬಾಡುತ್ತವೆ. ಆಗ ಒಳಗಿನ ಕೋಶ ನಿದ್ರೆಯಿಂದೆದ್ದು, 46 ವರ್ಣತಂತುಗಳಲ್ಲಿ 23ನ್ನು ಇಟ್ಟುಕೊಂಡು, ಮಿಕ್ಕವನ್ನು ಒಂದು ಪುಟ್ಟ ಕೋಶದಲ್ಲಿ ಹೊರಹಾಕುತ್ತದೆ. ಭ್ರೂಣದ ಮೊದಲ ಕೆಲವು ದಿನಗಳಿಗೆ ಬೇಕಾದ ಆಹಾರವನ್ನು ಅಂಡಾಣುವು ತನ್ನಲ್ಲಿಯೇ ಉಳಿಸಿಕೊಳ್ಳುತ್ತದೆ. ಪುಟಕ ಬಿರಿದು ಅಂಡಾಣು ಅಂಡನಾಳಕ್ಕೆ ಬರುತ್ತದೆ. ಸುಮಾರು ಒಂದು ದಿನದೊಳಗೆ ವೀರ್ಯಾಣು ಕೂಡಿದರೆ ವಿಭಜನೆ ಪೂರ್ಣವಾಗಿ ಹೊಸ ಜೀವ ಆರಂಭವಾಗುತ್ತದೆ. ಕೂಡದಿದ್ದರೆ ಅದು ನಶಿಸುತ್ತದೆ. ಸುಮಾರು ಎರಡು ವಾರಗಳ ನಂತರ ಗರ್ಭಕೋಶದ ಒಳಪದರ ಕಳಚಿ ಮುಟ್ಟಾಗುತ್ತದೆ.

ಇಷ್ಟು ದೊಡ್ಡ ಶೋಧಕ್ಕೆ ಮೊದಲು ಸಿಕ್ಕಿದ್ದು ಮೌನ. 1828ರಲ್ಲಿ ಬರ್ಲಿನ್ನಿನಲ್ಲಿ ವಿಜ್ಞಾನಿಗಳ ದೊಡ್ಡ ಸಮ್ಮೇಳನ ನಡೆಯಿತು. ಬೇರನು ಅಲ್ಲಿದ್ದರೂ ಯಾರೂ ಆ ಮಾತನ್ನೇ ಎತ್ತಲಿಲ್ಲ. ಕೊನೆಯ ದಿನ ಸ್ವೀಡನ್ನಿನ ರೆಟ್ಸಿಯಸ್ ಎಂಬ ವಿದ್ವಾಂಸನು ಅಂಡಾಣುವನ್ನು ತೋರಿಸುವಂತೆ ಕೇಳಿದ ಮೇಲೆ ಬೇರನು ನೆರೆದವರಿಗೆ ತೋರಿಸಿದನು. ಅದೇ ವರ್ಷ ಪ್ರಾಣಿಗಳ ಬೆಳವಣಿಗೆಯನ್ನು ಕುರಿತ ಅವನ ಮಹಾಗ್ರಂಥದ ಮೊದಲ ಸಂಪುಟ ಹೊರಬಂದಿತು, ಎರಡನೆಯದು 1837ರಲ್ಲಿ. ಇದನ್ನು ಅವನು ತನ್ನ ಮನೆಮಾತಾದ ಜರ್ಮನ್ನಿನಲ್ಲಿಯೇ ಬರೆದನು. ಭ್ರೂಣದಲ್ಲಿ ಮೊದಲು ಸಾಮಾನ್ಯ ಲಕ್ಷಣಗಳು ಮೂಡಿ, ಅನಂತರ ಆಯಾ ಜಾತಿಯ ವಿಶೇಷ ಲಕ್ಷಣಗಳು ಮೂಡುತ್ತವೆಂದು ಅವನು ತೋರಿಸಿಕೊಟ್ಟನು. ಭ್ರೂಣಶಾಸ್ತ್ರದ ಪಿತಾಮಹರಲ್ಲಿ ಒಬ್ಬನೆಂದು ಅವನನ್ನು ಕರೆಯುವುದು ಇದಕ್ಕಾಗಿಯೇ.

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಿತು. ಒಂದು ವರ್ಷ, ಹಿಮ ಬಿದ್ದಿದ್ದಾಗ ಕೋಣೆ ಸೇರಿದವನು ಹೊರಬಂದು ನೋಡುವಾಗ ಹೊಲದಲ್ಲಿ ಧಾನ್ಯ ತೆನೆಗಟ್ಟಿ ನಿಂತಿತ್ತು. ಕಳೆದುಹೋದ ಋತುವನ್ನು ಕಂಡು ಅವನ ಕಣ್ಣು ತುಂಬಿತಂತೆ. 1834ರಲ್ಲಿ ಅವನು ಸೇಂಟ್ ಪೀಟರ್ಸ್‌ಬರ್ಗಿಗೆ ತೆರಳಿ ಅಕಾಡೆಮಿಯಲ್ಲಿ ನೆಲೆಸಿದನು. ಸೂಕ್ಷ್ಮದರ್ಶಕದಿಂದ ಎದ್ದು ವಿಶಾಲ ಜಗತ್ತಿಗೆ ಬಂದನು. 1837ರಲ್ಲಿ ಉತ್ತರಧ್ರುವದ ಸಮೀಪದ ನೊವಾಯಾ ಜೆಮ್ಲ್ಯಾ ದ್ವೀಪಗಳಿಗೆ ಹೋಗಿಬಂದನು. ಅರವತ್ತು ಮೀರಿದ ಮೇಲೂ ಕ್ಯಾಸ್ಪಿಯನ್ ಸಮುದ್ರದ ಮೀನುಗಾರಿಕೆಯನ್ನು ಪರಿಶೀಲಿಸಿ, ಎಣ್ಣೆಗಾಗಿ ಮಾತ್ರ ಬಳಸುತ್ತಿದ್ದ ಒಂದು ಜಾತಿಯ ಮೀನನ್ನು ಉಪ್ಪು ಹಾಕಿ ಆಹಾರವಾಗಿ ಬಳಸಬಹುದೆಂದು ತೋರಿಸಿದನು. 1867ರಲ್ಲಿ ತಾನು ಓದಿದ ಡೋರ್ಪಾಟ್‌ಗೆ ಹಿಂದಿರುಗಿ, 1876ನೆಯ ನವೆಂಬರ್ 28ರಂದು ಅಲ್ಲಿಯೇ ಕಾಲವಾದನು.

ಮಹನೀಯರೂ ತಪ್ಪುತ್ತಾರೆ. ವೀರ್ಯಾಣುಗಳಿಗೆ ಇಂದು ವಿಜ್ಞಾನದಲ್ಲಿ ಬಳಕೆಯಲ್ಲಿರುವ ಸ್ಪರ್ಮಟೊಜೋವ ಎಂಬ ಹೆಸರನ್ನು ಕೊಟ್ಟವನೇ ಬೇರ್. ಆದರೆ ಅವು ಪರೋಪಜೀವಿಗಳೆಂದು ಅವನು ತಿಳಿದಿದ್ದನು. ತಾಯಿಯ ಪಾಲನ್ನು ಕಂಡವನಿಗೆ ತಂದೆಯ ಪಾಲು ಕಾಣಲಿಲ್ಲ! ಅವನು ತೀರಿಕೊಂಡ 1876ರಲ್ಲಿಯೇ ಜರ್ಮನಿಯ ಆಸ್ಕರ್ ಹರ್ಟ್‌ವಿಗನು, ಸಮುದ್ರದ ಒಂದು ಮುಳ್ಳುಜೀವಿಯ ಮೊಟ್ಟೆಯಲ್ಲಿ ಎರಡೂ ಕೋಶಗಳ ಕೇಂದ್ರಗಳು ಕೂಡುವುದನ್ನು ವರ್ಣಿಸಿದನು. ಮಗುವಿಗೆ ತಾಯಿಯೂ ತಂದೆಯೂ ಸರಿಸಮನಾಗಿ ಬೀಜ ಕೊಡುತ್ತಾರೆಂಬ ಸತ್ಯ ಹೀಗೆ ಸ್ಥಿರವಾಯಿತು.

ಈ ವಿಷಯ ಮಕ್ಕಳ ಪರೀಕ್ಷೆಗಷ್ಟೇ ಅಲ್ಲ, ಪೋಷಕರಿಗೂ ಬೇಕಾದದ್ದು. ಮಕ್ಕಳಾಗದ ಸೊಸೆಯನ್ನು ಬಂಜೆಯೆಂದು ಹಳಿಯುವುದೂ, ಹೆಣ್ಣನ್ನೇ ಹೆತ್ತಳೆಂದು ಮುಖ ಸಿಂಡರಿಸುವುದೂ ನಮ್ಮ ಮನೆಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ತಾಯಿಯ ಅಂಡಾಣುವಿನಲ್ಲಿರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇರಬಹುದು, ವೈ ಇರಬಹುದು. ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಅಮೆರಿಕದ ಮಹಿಳೆ ಒಂದು ಸಣ್ಣ ಕೀಟದಲ್ಲಿ ಈ ಗುಟ್ಟನ್ನು ಮೊದಲು ಕಂಡಳು. ಮಕ್ಕಳಾಗದಿರಲು ಗಂಡನಲ್ಲಿಯೂ ಕಾರಣವಿರಬಹುದು, ಹೆಂಡತಿಯಲ್ಲಿಯೂ ಇರಬಹುದು. ಅದನ್ನು ಹೇಳಬೇಕಾದವರು ವೈದ್ಯರೇ ಹೊರತು ನೆರೆಹೊರೆಯವರಲ್ಲ. ಮುಟ್ಟು ಮೈಲಿಗೆಯಲ್ಲ, ಬಾರದ ಅತಿಥಿಗಾಗಿ ಸಿದ್ಧಪಡಿಸಿದ ಹಾಸಿಗೆಯನ್ನು ಶರೀರ ತೆಗೆದಿಡುವ ಕ್ರಮ ಅಷ್ಟೆ. 1978ರಲ್ಲಿ ಇಂಗ್ಲೆಂಡಿನಲ್ಲಿಯೂ, ಅದೇ ವರ್ಷ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಕಲಕತ್ತೆಯಲ್ಲಿಯೂ ಗಾಜಿನ ಪಾತ್ರೆಯಲ್ಲಿ ಕೂಡಿದ ಅಂಡಾಣುವಿನಿಂದ ಶಿಶುಗಳು ಜನಿಸಿದವು. ಮಕ್ಕಳಿಲ್ಲದ ಎಷ್ಟೋ ಮನೆಗಳಿಗೆ ಆಮೇಲೆ ತೊಟ್ಟಿಲು ಬಂದಿದೆ. ಅದರ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಕೋನಿಗ್ಸ್‌ಬರ್ಗಿನ ಆ ಪುಟ್ಟ ಗಾಜಿನ ಬಟ್ಟಲನ್ನು ತಲುಪುತ್ತೇವೆ.

ಬೇರನ ಬಳಿ ಇಂದಿನ ಉಪಕರಣಗಳಿರಲಿಲ್ಲ. ಎಲ್ಲರೂ ಕಂಡಾಯಿತೆಂದು ಕೈಬಿಟ್ಟದ್ದನ್ನು ಅವನು ತಾನೇ ಒಮ್ಮೆ ನೋಡಿದನು. ನಂಬಲಾಗದ್ದು ಕಂಡಾಗ ಅಂಜಿದರೂ ಮತ್ತೊಮ್ಮೆ ನೋಡಿದನು. ನಮ್ಮ ವಿದ್ಯಾರ್ಥಿ ವಿದ್ಯಾರ್ಥಿನಿಯರು ಪ್ರಯೋಗಶಾಲೆಯಲ್ಲಿಯೂ ಮನೆಯಲ್ಲಿಯೂ ಆ ಎರಡನೆಯ ನೋಟವನ್ನು ಕಲಿಯಲಿ.